ಹಂಡೆ ಒಲೆಗೆ 58 ಸಿಸಿ ಯಾಕೆ?

ಚೈನ್‌ಸಾ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ನೆನಪಾಗೋದು ಜಪಾನಿನ 'ಚೈನ್‌ಸಾ ಮ್ಯಾನ್' ಅನಿಮೆ. ಉಳಿದರ್ಧಕ್ಕೆ ಇಂಗ್ಲಿಷ್ ಹಾರರ್ ಸಿನಿಮಾ. ಆದರೆ ಯಲಹಂಕದಿಂದ ದೊಡ್ಡಬಳ್ಳಾಪುರದ ಬಸ್ ಹತ್ತಿ ಒಂದು ಗಂಟೆ ಹೋದರೆ ಅದು ಮನೆ ಸಾಮಾನು. ಅಲ್ಲಿ ಅದಕ್ಕೆ 'ಮರ ಕುಯ್ಯೋ ಮಿಷನ್ನು' ಅಂತ ಹೆಸರು. ನಮ್ಮಲ್ಲಿ ಯಾರಿಗೂ ಚಳಿಗೆ ಮನೆ ಬೆಚ್ಚಗೆ ಮಾಡೋಕೆ ಸೌದೆ ಬೇಕಾಗಿಲ್ಲ, ನಿಜ. ಆದರೆ ಸ್ನಾನದ ನೀರಿಗೆ ಬೇಕು. ಬಚ್ಚಲಲ್ಲಿ ಹಂಡೆ, ಅದರ ಕೆಳಗೆ ಒಲೆ. ಗ್ಯಾಸ್ ಬಂದು ಅಡುಗೆಮನೆ ಒಲೆ ಹೋಯ್ತು, ಬಚ್ಚಲ ಒಲೆ ಮಾತ್ರ ಹೋಗಲಿಲ್ಲ. ಯಲಹಂಕ ಹಳೇ ಟೌನಿನ ಕೆಲವು ಮನೆಗಳ ಹಿತ್ತಲಲ್ಲಿ ಈಗಲೂ ತಾಮ್ರದ ಬಾಯ್ಲರ್ ಹೊಗೆ ಬಿಡ್ತಾ ಇರುತ್ತೆ.

ಸೌದೆ ಒಡೆಯೋಕೆ ಆಳು ಸಿಗಲ್ಲ, ಮನೇಲಿರೋರಿಗೆ ವಯಸ್ಸಾಯ್ತು. ಹಾಗಾಗಿ ಹಬ್ಬಕ್ಕೆ ಊರಿಗೆ ಹೋದ ಪ್ರತಿ ಎಂಜಿನಿಯರಿಂಗ್ ಸ್ಟೂಡೆಂಟಿಗೂ ಒಂದು ಕೆಲಸ ಬೀಳುತ್ತೆ: "ನೀನು ಎಂಜಿನಿಯರಲ್ವಾ, ಫೋನಲ್ಲಿ ನೋಡಿ ಒಳ್ಳೇದೊಂದು ಮಿಷನ್ ಬುಕ್ ಮಾಡು. ಕಮ್ಮಿ ರೇಟಿಂದು." ನಾನು ಕಂಪ್ಯೂಟರ್ ಸೈನ್ಸ್ ಅಂದ್ರೆ ಯಾರೂ ಕೇಳಲ್ಲ. ಈ ಕೆಲಸ ನನಗೂ ಬಿದ್ದಿದೆ, ನಿಮ್ಮಲ್ಲಿ ಕೆಲವರಿಗೂ ಬೀಳುತ್ತೆ. ಅದಕ್ಕೇ ಬರೀತಿದ್ದೀನಿ.

ಹುಡುಕಿದರೆ ಮೊದಲು ಬರೋದು 58 ಸಿಸಿ, 22 ಇಂಚು ಬ್ಲೇಡಿನ ಪೆಟ್ರೋಲ್ ಮಿಷನ್. ಆರೇಳು ಸಾವಿರ. ಅದೇ ಸ್ಟಿಲ್ ಕಂಪನಿಯ ಎಂಎಸ್ 170 ನೋಡಿದರೆ ಸುಮಾರು 30 ಸಿಸಿ, ಬ್ಲೇಡು 14 ಇಂಚು, ಬೆಲೆ ಮಾತ್ರ ಸುಮಾರು ಮೂರು ಪಟ್ಟು. ಬೈಕ್ ಲೆಕ್ಕದಲ್ಲಿ ಯೋಚಿಸೋ ನಮ್ಮ ಮನೆಯವರಿಗೆ ಇದು ಮೋಸ ಅನ್ಸುತ್ತೆ. ಜಾಸ್ತಿ ಸಿಸಿ, ಕಮ್ಮಿ ದುಡ್ಡು, ಇನ್ನೇನು ಯೋಚನೆ? ನನ್ನ ಪ್ರಕಾರ ಇಲ್ಲಿ ಸಿಸಿ ನೋಡೋದೇ ತಪ್ಪು. ಮೊದಲು ನೋಡಬೇಕಾಗಿರೋದು ಹಂಡೆ.

ಲೆಕ್ಕ ಮಾಡೋಣ, ಪಿಯುಸಿ ಫಿಸಿಕ್ಸ್ ಸಾಕು. ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್ ನೀರು, 20 ಡಿಗ್ರಿಯಿಂದ 45 ಡಿಗ್ರಿಗೆ. 100 ಗುಣಿಸು 4.18 ಗುಣಿಸು 25, ಅಂದರೆ ಸುಮಾರು 10,450 ಕಿಲೋಜೂಲ್. ಒಣ ಸೌದೆ ಒಂದು ಕೆಜಿ ಉರಿದರೆ ಸುಮಾರು 15,000 ಕಿಲೋಜೂಲ್ ಕೊಡುತ್ತೆ. ಹಳೇ ಒಲೆಯಲ್ಲಿ ಅದರ ಐದನೇ ಒಂದು ಭಾಗ ಮಾತ್ರ ನೀರಿಗೆ ಸೇರಿ, ಮಿಕ್ಕಿದ್ದು ಗೋಡೆಗೂ ಆಕಾಶಕ್ಕೂ ಹೋಗುತ್ತೆ ಅಂತ ಇಟ್ಕೊಳ್ಳಿ. ಮೂರೂವರೆ ಕೆಜಿ ಬೇಕು. ನಾಲ್ಕೇ ಅನ್ನೋಣ. ವರ್ಷಕ್ಕೆ ಒಂದೂವರೆ ಟನ್ ಒಳಗೆ.

ಈಗ ಕುಯ್ಯೋ ಲೆಕ್ಕ. 15 ಸೆಂಟಿಮೀಟರ್ ದಪ್ಪದ ನೀಲಗಿರಿ ದಿಮ್ಮಿಯನ್ನ ಒಂದೊಂದು ಅಡಿಗೆ ಕುಯ್ದರೆ ಒಂದು ತುಂಡು ಹೆಚ್ಚುಕಮ್ಮಿ ನಾಲ್ಕು ಕೆಜಿ ತೂಗುತ್ತೆ. ಅಂದರೆ ದಿನಕ್ಕೆ ಒಂದು ಕುಯ್ತ! ವರ್ಷಕ್ಕೆ 365. ಎಲ್ಲ ಸೌದೆಯೂ ಅಷ್ಟು ದಪ್ಪ ಇರಲ್ಲ, ಕೊಂಬೆ ರೆಂಬೆ ಸೇರಿ ಮೂರು ಪಟ್ಟು ಆಗಲಿ, ಒಂದೊಂದಕ್ಕೆ ಹತ್ತು ಸೆಕೆಂಡ್ ಕೊಡೋಣ. ಒಟ್ಟು ಮೂರು ಗಂಟೆ. ವರ್ಷಕ್ಕೆ. ನಾವು ಒಂದು ಐಪಿಎಲ್ ಮ್ಯಾಚಿಗೆ ಇದಕ್ಕಿಂತ ಜಾಸ್ತಿ ಹೊತ್ತು ಕೂರ್ತೀವಿ.

ಈ ಮೂರು ಗಂಟೆ ಕೈಯಲ್ಲಿದ್ದರೆ ಅಂಗಡಿಯವನು ಹೇಳೋ ಎಷ್ಟೋ ಮಾತು ತಾನಾಗೇ ಬಿದ್ದುಹೋಗುತ್ತೆ. ವರ್ಷಕ್ಕೆ ಮೂರು ಗಂಟೆ ಓಡೋ ಮಿಷನ್ನಿಗೆ ಅಷ್ಟು ಪವರ್ ಯಾಕೆ? 22 ಇಂಚು ಬ್ಲೇಡು ಯಾಕೆ? ಅರ್ಧ ಅಡಿ ಸೌದೆಗೆ 12 ಇಂಚು ಧಾರಾಳ. ಉದ್ದ ಬ್ಲೇಡು ಬರೀ ವೇಸ್ಟ್ ಆದರೆ ಪರವಾಗಿರಲಿಲ್ಲ, ಅದು ಅಪಾಯ. ಬ್ಲೇಡಿನ ತುದಿಯ ಮೇಲ್ಭಾಗ ಇನ್ನೊಂದು ಕಟ್ಟಿಗೆಗೆ ತಾಗಿದರೆ ಇಡೀ ಮಿಷನ್ ಹಿಂದಕ್ಕೆ, ಕುಯ್ಯೋರ ಮುಖದ ಕಡೆಗೆ ಚಿಮ್ಮುತ್ತೆ. ಇದಕ್ಕೆ ಕಿಕ್‌ಬ್ಯಾಕ್ ಅಂತಾರೆ. ಬ್ಲೇಡು ಉದ್ದ ಇದ್ದಷ್ಟೂ ಆ ತುದಿ ಆಚೆ ಎಲ್ಲಿದೆ, ಏನಕ್ಕೆ ತಾಗ್ತಿದೆ ಅಂತ ಕಾಣಲ್ಲ. ಚೈನು ಸೆಕೆಂಡಿಗೆ 15ರಿಂದ 20 ಮೀಟರ್ ಓಡ್ತಾ ಇರುತ್ತೆ. 20 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್, ಹೆಬ್ಬಾಳ ಫ್ಲೈಓವರ್ ಮೇಲೆ ಸಂಜೆ ಹೊತ್ತು ಯಾರೂ ನೋಡದ ಸ್ಪೀಡು. ನಮ್ಮ ಊರಲ್ಲಿ ಇದನ್ನ ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿ ಹಾಕ್ಕೊಂಡು ಹಿಡೀತಾರೆ.

ಪೆಟ್ರೋಲ್ ವಿಷಯಕ್ಕೆ ಬನ್ನಿ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಲ್ಲಿ ಆಯಿಲ್ ಬೆರೆಸಬೇಕು. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಯಾವುದು ಅಂತ ಆ ಮಿಷನ್ನಿನ ಪುಸ್ತಕದಲ್ಲೇ ನೋಡಬೇಕು. ಇದು ಯಾರಿಗಾದರೂ ಕಲಿಸಬಹುದು. ನಿಜವಾದ ತೊಂದರೆ ಉಳಿದ ಹನ್ನೊಂದು ತಿಂಗಳದ್ದು. ಈಗ ಬಂಕಲ್ಲಿ ಸಿಗೋದು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಟ್ಯಾಂಕಲ್ಲಿ ಹಾಗೇ ಬಿಟ್ಟರೆ ಕಾರ್ಬೊರೇಟರ್ ಒಳಗೆ ಅಂಟು ಕಟ್ಟುತ್ತೆ, ಮುಂದಿನ ವರ್ಷ ಹಗ್ಗ ಎಳೆದೂ ಎಳೆದೂ ಭುಜ ನೋಯುತ್ತೆ ಹೊರತು ಮಿಷನ್ ಸ್ಟಾರ್ಟ್ ಆಗಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೆ ಓಡಿಸಿ ಇಡಬೇಕು. ಎಷ್ಟು ಮನೇಲಿ ಮಾಡ್ತಾರೆ? ದಿನಾ ಮರ ಕುಯ್ಯೋ ಕಸುಬಿನವರಿಗೆ ಈ ಸಮಸ್ಯೆನೇ ಇಲ್ಲ, ಅವರ ಮಿಷನ್ ತಣ್ಣಗಾಗೋದೇ ಇಲ್ಲ. ಅವರಿಗೆ ಪೆಟ್ರೋಲ್ ಸರಿ. ಬಚ್ಚಲ ಒಲೆಗೆ ಅಲ್ಲ.

ಆದ್ದರಿಂದ ಸೌದೆ ಹಿತ್ತಲಿಗೆ ಬಂದು ಬೀಳೋ ಮನೆಗೆ ನನ್ನ ವೋಟು ವೈರ್ ಇರೋ ಎಲೆಕ್ಟ್ರಿಕ್ ಚೈನ್‌ಸಾಗೆ. 1,800ರಿಂದ 2,000 ವಾಟ್‌ದು ಐದಾರು ಸಾವಿರದ ಆಸುಪಾಸಲ್ಲಿ ಸಿಗುತ್ತೆ. ಬ್ಲೇಡು 16 ಇಂಚೇ ಬರೋದು ಜಾಸ್ತಿ, 14 ಸಿಕ್ಕರೆ ಅದೇ ತಗೊಳ್ಳಿ. ಸ್ವಿಚ್ ಒತ್ತಿದರೆ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ, ವರ್ಷ ಮೂಲೇಲಿ ಕೂತರೂ ಮುನಿಸಿಕೊಳ್ಳಲ್ಲ. ಆದರೆ 2,000 ವಾಟ್ ಅಂದರೆ 230 ವೋಲ್ಟಿಗೆ ಸುಮಾರು 8.7 ಆಂಪಿಯರ್. ಮೊಬೈಲ್ ಚಾರ್ಜ್ ಹಾಕೋ 6 ಆಂಪಿಯರ್ ಪಾಯಿಂಟಿಗೆ ಚುಚ್ಚಬಾರದು, ಮೋಟಾರೋ ಮಿಕ್ಸಿಯೋ ಹಾಕೋ ತೆಳ್ಳನೆ ವೈರಲ್ಲೂ ಎಳೀಬಾರದು. 30 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ಹೋಗಿಬರೋ ಅಷ್ಟರಲ್ಲಿ ಒಂಬತ್ತು ವೋಲ್ಟ್ ಕಳೆದುಹೋಗುತ್ತೆ, ಆ ಒಂಬತ್ತು ವೋಲ್ಟ್ ವೈರನ್ನೇ ಬಿಸಿ ಮಾಡ್ತಿರುತ್ತೆ. 2.5ರ ವೈರಿಗೆ ನಾಲ್ಕು ವೋಲ್ಟ್ ಅಷ್ಟೇ. ಹಳ್ಳಿ ಕರೆಂಟು ಮೊದಲೇ 230 ಇರಲ್ಲ ಅಂತ ನಿಮಗೂ ಗೊತ್ತು. 16 ಆಂಪಿಯರ್ ಪಾಯಿಂಟು, 2.5ರ ವೈರು, ಬೋರ್ಡಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಈ ಖರ್ಚನ್ನ ಮಿಷನ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಮಳೇಲಿ, ಒದ್ದೆ ನೆಲದ ಮೇಲೆ ಮುಟ್ಟೋದೇ ಬೇಡ.

ಬ್ಯಾಟರಿದು? ಅಂಗೈ ಅಗಲದ ಮಿನಿ ಚೈನ್‌ಸಾ ನುಗ್ಗೆ ಕೊಂಬೆ, ದಾಸವಾಳದ ಗಿಡ ಸವರೋಕೆ ಚೆನ್ನಾಗಿದೆ, ದಿಮ್ಮಿಗೆ ಅಲ್ಲ. ಮೇಲೆ 48, 88 ಅಂತ ದೊಡ್ಡ ನಂಬರ್ ಇದ್ದರೂ ಒಳಗೆ ಐದು ಲಿಥಿಯಂ ಸೆಲ್ ಸರಣಿಯಲ್ಲಿದ್ದರೆ ಫುಲ್ ಚಾರ್ಜಲ್ಲಿ 21 ವೋಲ್ಟ್ ಅಷ್ಟೇ. ಆ ಸ್ಟಿಕ್ಕರ್ ಅಂಟಿಸಿದವರಿಗೆ ನಮ್ಮ ಬೇಸಿಕ್ ಎಲೆಕ್ಟ್ರಿಕಲ್ ಇಂಟರ್ನಲ್ಸ್ ಬರೆಸಬೇಕು.

ಯಾವ ಮಿಷನ್ ತಗೊಂಡರೂ ಕುಯ್ಯೋದು ಚೈನು. ಮಂಡಾದ ಚೈನ್ ಹಾಕಿದ 58 ಸಿಸಿಗಿಂತ ಚೂಪಾದ ಚೈನ್ ಹಾಕಿದ ಪುಟ್ಟ ಮಿಷನ್ ಬೇಗ ಕುಯ್ಯುತ್ತೆ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೂಪಿದೆ ಅಂತ, ಹಿಟ್ಟಿನ ಥರ ಪುಡಿ ಬಿದ್ದರೆ ಮಂಡಾಗಿದೆ ಅಂತ. ಮಂಡಾದಾಗ ಜನ ಒತ್ತಿ ಹಿಡೀತಾರೆ, ಜಾರೋದು ಆವಾಗಲೇ. ಮಸೆಯೋಕೆ ದುಂಡನೆ ಫೈಲ್ ಬೇಕು. ಕನ್ನಡದಲ್ಲಿ ಇದಕ್ಕೆ 'ಅರ' ಅಂತಾರೆ ಅಂತ ತಾತನಿಂದ ಕಲಿತೆ, ಎಷ್ಟು ಪುಟ್ಟ ಪದ ನೋಡಿ. ಸಣ್ಣ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಬರೋ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರ್ ಅರ, 0.325 ಚೈನಿಗೆ 4.8. ಚೈನಿಗೆ ಹಾಕೋ ಆಯಿಲ್ ಬೇರೆ, ಟ್ರ್ಯಾಕ್ಟರಿಂದ ಇಳಿಸಿದ ಕರಿ ಆಯಿಲ್ ಸುರೀಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತೆ.

ಚೈನ್ ಹಾಳು ಮಾಡೋದರಲ್ಲಿ ನಮ್ಮ ಸೀಮೆ ಸೌದೆಗೆ ಎರಡು ವಿಶೇಷ ಇದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸೋದನ್ನ ನಿಲ್ಲಿಸಿದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಹಳೇ ತೋಪುಗಳನ್ನ ಜೆಸಿಬಿಯಲ್ಲಿ ಬುಡಸಮೇತ ಕಿತ್ತು ಹಾಕೋರು ಇದ್ದಾರೆ. ಆ ಬೊಡ್ಡೆ ಅಗ್ಗಕ್ಕೆ ಸಿಗುತ್ತೆ, ಚೆನ್ನಾಗಿ ಉರಿಯುತ್ತೆ, ಆದರೆ ಬೇರಿನ ಸಂದಿಯಲ್ಲೆಲ್ಲ ಮಣ್ಣು ಕಲ್ಲು. ಒಂದು ಬೊಡ್ಡೆಗೆ ಒಂದು ಚೈನು ಹೋಯ್ತು ಅಂತಲೇ ಲೆಕ್ಕ. ಅದನ್ನ ಕೊಡಲಿ, ಬೆಣೆಗೆ ಬಿಡಿ. ಇನ್ನೊಂದು ಸಿಟಿ ಮರ. ಆರ್‌ಟಿ ನಗರದಲ್ಲೋ ಯಶವಂತಪುರದಲ್ಲೋ ಮಳೆಗೆ ಬಿದ್ದ ರಸ್ತೆ ಮರದ ತುಂಡು ತಂದರೆ ಒಳಗೆ ಪಿಜಿ ಬೋರ್ಡಿನ ಮೊಳೆ, ಕೇಬಲ್ ಕಟ್ಟಿದ ತಂತಿ ಇರಬಹುದು. ಅಂದಹಾಗೆ ಮಿಷನ್ ಇದೆ ಅಂತ ಕಂಡ ಮರ ಕುಯ್ಯೋ ಹಾಗಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಥರದ ಕೆಲವಕ್ಕೆ ವಿನಾಯಿತಿ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಆಯ್ಕೆ ಬೇರೆ. ಮೂರು ಗಂಟೆ ಕೆಲಸಕ್ಕೆ ಮನೆಗೊಂದು ಮಿಷನ್ ಬೇಕೇ? ಸೌದೆ ಹೊಲದಲ್ಲಿ ರಾಶಿ ಬಿದ್ದಿದ್ದರೆ, ಕರೆಂಟ್ ಇಲ್ಲದ ಕಡೆ ಇದ್ದರೆ, ಕಸುಬಿನವರನ್ನ ಒಂದು ದಿನಕ್ಕೆ ಕರೆಸಿ. ಫೆಬ್ರವರಿ ಮಾರ್ಚಲ್ಲಿ ಕುಯ್ಸಿ, ಹಸಿ ಇರುವಾಗಲೇ ಸೀಳಿ ಒಟ್ಟಿದರೆ ಮಳೆಗಾಲಕ್ಕೆ ಮುಂಚೆ ಒಣಗುತ್ತೆ. ಸೀಳೋಕೆ ಹೇಗೂ ಕೊಡಲಿಯೇ, ಚೈನ್‌ಸಾ ಬಂದರೂ ಅದು ತಪ್ಪಲ್ಲ. ಇಲ್ಲಾಂದ್ರೆ ಮೂರ್ನಾಲ್ಕು ಮನೆ ಸೇರಿ ಒಂದು ಒಳ್ಳೇ ಸಣ್ಣ ಬ್ರಾಂಡೆಡ್ ಮಿಷನ್ ತಗೊಳ್ಳಿ. ಆಗ ಇಪ್ಪತ್ತು ಸಾವಿರ ಐದು ಸಾವಿರ ಆಗುತ್ತೆ, ಮಿಷನ್ನೂ ಅಷ್ಟು ದಿನ ಸುಮ್ಮನೆ ಕೂರಲ್ಲ. ಮುಯ್ಯಾಳು ಕಟ್ಟಿ ನಾಟಿ ಮಾಡಿದ ಊರುಗಳಿಗೆ ಇದೇನೂ ಹೊಸ ಐಡಿಯಾ ಅಲ್ಲ. ಒಂದೇ ಷರತ್ತು, ಮಸೆಯೋ ಜವಾಬ್ದಾರಿ ಒಬ್ಬರದೇ ಆಗಿರಲಿ. ನಾಲ್ಕು ಜನ ನಾಲ್ಕು ಕೋನದಲ್ಲಿ ಉಜ್ಜಿದ ಚೈನು ಸೊಟ್ಟ ಕುಯ್ಯುತ್ತೆ.

ಉಳಿಸಿದ ದುಡ್ಡಲ್ಲಿ ಮೊದಲು ಬೂಟು, ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್, ಕಿವಿಗೆ ಮಫ್, ಆಮೇಲೆ ಕಾಲಿಗೆ ಚಾಪ್ಸ್. ಚಾಪ್ಸ್ ಅಂದರೆ ತಿನ್ನೋದಲ್ಲ. ಪ್ಯಾಂಟಿನ ಮೇಲೆ ಕಟ್ಟೋದು, ಚೈನ್ ತಾಗಿದರೆ ಒಳಗಿನ ನಾರು ಹೊರಬಂದು ಚಕ್ರಕ್ಕೆ ಸುತ್ತಿ ಚೈನನ್ನ ನಿಲ್ಲಿಸುತ್ತೆ. ಸೌದೆ ಇಡೋಕೆ ಹಳೇ ರೀಪರಲ್ಲಿ ಎರಡು ಕತ್ತರಿ ಕಾಲು ಹೊಡೆದು ಒಂದು ಸ್ಟ್ಯಾಂಡ್ ಮಾಡಿ, ನೆಲದ ಮೇಲೆ ಕಾಲಲ್ಲಿ ಒತ್ತಿ ಹಿಡಿದು ಕುಯ್ಯೋದು ತಪ್ಪುತ್ತೆ.

ನವೆಂಬರಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೇಗೂ ಹೋಗ್ತೀರಿ, ಮುದ್ದೆ ಊಟಕ್ಕಾದರೂ. ಯಂತ್ರಗಳ ಸ್ಟಾಲಲ್ಲಿ ಸಾಲಾಗಿ ಚೈನ್‌ಸಾ ಇಟ್ಟಿರ್ತಾರೆ. ಸಿಸಿ ಎಷ್ಟು ಅಂತ ಕೇಳಬೇಡಿ. ಚೈನ್ ಬ್ರೇಕ್ ತೋರಿಸಿ ಅನ್ನಿ, ಮುಂದಿನ ಹಿಡಿಯ ಎದುರಿಗಿರೋ ಆ ಗಾರ್ಡನ್ನ ಮುಂದಕ್ಕೆ ತಳ್ಳಿದಾಗ ಚೈನು ಗಟ್ಟಿಯಾಗಿ ನಿಲ್ಲುತ್ತಾ ನೋಡಿ. ಇದೇ ಅಳತೆಯ ಚೈನು ದೊಡ್ಡಬಳ್ಳಾಪುರದಲ್ಲಿ ಸಿಗುತ್ತಾ, ಸ್ಪ್ರಾಕೆಟ್ ಹೋದರೆ ಯಾರು ಹಾಕಿಕೊಡ್ತಾರೆ ಅಂತ ಕೇಳಿ. ಮಿಷನ್ನನ್ನ ಬ್ಲೇಡು ಸಮೇತ ಐದು ನಿಮಿಷ ಎರಡೂ ಕೈಯಲ್ಲಿ ಹಿಡ್ಕೊಂಡು ನಿಂತು ನೋಡಿ, ಯಾಕಂದರೆ ಪೇಪರಲ್ಲಿ ಬರೆದಿರೋ ತೂಕದಲ್ಲಿ ಎಷ್ಟೋ ಸಲ ಬ್ಲೇಡು, ಚೈನು, ಪೆಟ್ರೋಲ್ ಯಾವುದೂ ಸೇರಿರಲ್ಲ. ಮನೇಲಿ ಅದನ್ನ ಹಿಡಿಯೋರಿಗೆ ಅರವತ್ತು ದಾಟಿದ್ದರೆ ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ, ಅವರ ಕೈಗೇ ಕೊಡಿ.