ನವೆಂಬರ್ ಒಂದು: ಗೆದ್ದ ದಿನವೋ, ಕೂಡಿದ ದಿನವೋ?

ನವೆಂಬರ್ ತಿಂಗಳು ಹತ್ತಿರವಾದಂತೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ರಾಜ್ಯೋತ್ಸವವು ಕನ್ನಡಿಗರ ವಿಜಯೋತ್ಸವ, ಅದನ್ನು ಗೆದ್ದವರ ಹಮ್ಮಿನಿಂದಲೇ ಆಚರಿಸಬೇಕು ಎಂಬುದು ಒಂದು. ನೂರಾರು ಭಾಷೆಗಳ ಈ ದೇಶದಲ್ಲಿ ಪ್ರತಿಯೊಂದು ಭಾಷೆಯವರೂ ತಮ್ಮದೇ ಉತ್ಸವದಲ್ಲಿ ಮುಳುಗಿದರೆ ದೇಶದ ಐಕ್ಯಕ್ಕೆ ಕೇಡು ಎಂಬುದು ಇನ್ನೊಂದು. ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಇವೆರಡರ ಅಡಿಯಲ್ಲಿರುವ ತಿಳಿವಳಿಕೆ ಒಂದೇ: ಒಂದು ನುಡಿಯ ಸಂಭ್ರಮವು ಇನ್ನೊಂದು ನುಡಿಯ ಸೋಲಿನ ಮೇಲೆಯೇ ನಿಲ್ಲುತ್ತದೆ ಎಂಬುದು. ಈ ತಿಳಿವಳಿಕೆಗೆ ಚರಿತ್ರೆಯ ಬೆಂಬಲವೂ ಇಲ್ಲ, ಕನ್ನಡ ಸಾಹಿತ್ಯ ಪರಂಪರೆಯ ಬೆಂಬಲವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಮಾತನ್ನು ಮೊದಲು ಪರಿಶೀಲಿಸೋಣ. ಈ ಭಯ ಹೊಸದಲ್ಲ. 1948ರ ಧರ್ ಆಯೋಗವು ಕೇವಲ ಭಾಷೆಯನ್ನು ಆಧಾರವಾಗಿಟ್ಟುಕೊಂಡು ಪ್ರಾಂತಗಳನ್ನು ರಚಿಸುವುದು ದೇಶಹಿತಕ್ಕೆ ತಕ್ಕುದಲ್ಲವೆಂದು ಹೇಳಿತು. ಮರುವರ್ಷ ನೆಹರೂ, ಪಟೇಲ್ ಮತ್ತು ಪಟ್ಟಾಭಿ ಸೀತಾರಾಮಯ್ಯ ಅವರ ಸಮಿತಿಯೂ ಎಚ್ಚರಿಕೆಯ ಮಾತನ್ನೇ ಆಡಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಪ್ರಾಣಬಿಟ್ಟ ಬಳಿಕ ಈ ನಿಲುವು ಉಳಿಯಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಫಜಲ್ ಅಲಿ ಆಯೋಗದ ವರದಿಯ ನಂತರ 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣಾ ಕಾಯಿದೆ ಜಾರಿಗೆ ಬಂದಿತು. ಇಷ್ಟಾದರೂ ದೇಶ ಒಡೆಯಲಿಲ್ಲ. ಬದಲಾಗಿ, ತನ್ನ ನುಡಿಯಲ್ಲಿ ಅರ್ಜಿ ಬರೆದು ತನ್ನ ನುಡಿಯಲ್ಲೇ ಉತ್ತರ ಪಡೆಯುವ ಅವಕಾಶ ಸಾಮಾನ್ಯ ಪ್ರಜೆಗೆ ಹತ್ತಿರವಾಯಿತು. ಪ್ರಜಾಪ್ರಭುತ್ವ ಬೇರೂರಲು ಇದಕ್ಕಿಂತ ಹೆಚ್ಚಿನ ನೆಲೆ ಇನ್ನಾವುದು?

ಇನ್ನು ಮೊದಲನೆಯ ಮಾತು. ಅಂದು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು, ಮದರಾಸಿನ ದಕ್ಷಿಣ ಕನ್ನಡ, ಹಾಗೂ ಕೊಡಗು ಒಂದಾದವು. ಬೇರೆಬೇರೆ ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದವರು ಒಂದೇ ಸೂರಿನಡಿ ಬಂದರು. ಹಿರಿಯರು ಈ ಹೋರಾಟವನ್ನು ‘ಏಕೀಕರಣ’ ಎಂದು ಕರೆದರೇ ಹೊರತು ವಿಜಯವೆಂದು ಕರೆಯಲಿಲ್ಲ. ಅಲ್ಲದೆ ನವೆಂಬರ್ 1 ಕನ್ನಡಿಗರಿಗೆ ಮಾತ್ರ ಮೀಸಲಾದ ದಿನವೂ ಅಲ್ಲ. ಕೇರಳ ರಾಜ್ಯ ರೂಪುಗೊಂಡದ್ದೂ ಅದೇ ದಿನ. ತೆಲಂಗಾಣದೊಡನೆ ಕೂಡಿ ಆಂಧ್ರಪ್ರದೇಶ ಆದದ್ದೂ ಅದೇ ದಿನ. ನೆರೆಹೊರೆಯವರೆಲ್ಲ ಒಂದೇ ದಿನ ಹಬ್ಬ ಮಾಡುವಾಗ ಸೋತವರು ಯಾರು?

ಆದರೆ ಈ ಪ್ರಶ್ನೆಗೆ ಉತ್ತರವೂ ಇದೆ, ಅದನ್ನು ಮರೆಮಾಚಬಾರದು. ಕಾಸರಗೋಡು ಕೇರಳದ ಪಾಲಾಯಿತು. ಮಂಜೇಶ್ವರದ ಗೋವಿಂದ ಪೈಗಳ ಮನೆ ಮಲಯಾಳಿಗಳ ರಾಜ್ಯದೊಳಗೆ ಉಳಿಯಿತು. ಇತ್ತ ಬೆಳಗಾವಿಯಲ್ಲಿ ಕೆಲವು ಮರಾಠಿ ಸಂಘಟನೆಗಳು ನವೆಂಬರ್ ಒಂದನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿವೆ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬೆಳಗಾವಿ ಕರ್ನಾಟಕದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಕಾಸರಗೋಡಿನ ಕನ್ನಡ ಶಾಲೆಗಾಗಿ ನಾವು ಕೇಳುವ ನ್ಯಾಯವನ್ನೇ ಬೆಳಗಾವಿಯ ಮರಾಠಿ ಶಾಲೆಗೆ ಕೊಡಲು ಹಿಂಜರಿದರೆ ನಮ್ಮ ವಾದಕ್ಕೆ ನೈತಿಕ ಬಲವಿರುವುದಿಲ್ಲ. ಗಡಿ ಎಲ್ಲಿ ಎಳೆದರೂ ಆಚೆ ಈಚೆ ಕೆಲವರು ಅಲ್ಪಸಂಖ್ಯಾತರಾಗಿ ಉಳಿಯುವುದು ಅನಿವಾರ್ಯ. ಅವರನ್ನು ನಡೆಸಿಕೊಳ್ಳುವ ರೀತಿಯೇ ರಾಜ್ಯವೊಂದರ ಸಂಸ್ಕೃತಿಯ ಒರೆಗಲ್ಲು.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಭಾಷೆಯ ಆಧಾರದ ಮೇಲೆ ವಿಭಾಗಗೊಂಡ ಬೆಲ್ಜಿಯಂನಲ್ಲಿ ಡಚ್ ನುಡಿಯ ಫ್ಲೆಮಿಷ್ ಸಮುದಾಯವು ಜುಲೈ 11ನ್ನೂ, ಫ್ರೆಂಚ್ ಸಮುದಾಯವು ಸೆಪ್ಟೆಂಬರ್ 27ನ್ನೂ, ಜರ್ಮನ್ ಸಮುದಾಯವು ನವೆಂಬರ್ 15ನ್ನೂ ತಮ್ಮ ತಮ್ಮ ದಿನಗಳೆಂದು ಆಚರಿಸುತ್ತವೆ. ಜುಲೈ 11 ಎಂದರೆ 1302ರಲ್ಲಿ ಕೋರ್ಟ್ರೈಕ್ ಬಳಿ ಫ್ರೆಂಚ್ ಅರಸನ ಸೈನ್ಯ ಸೋತ ದಿನ. ಈ ನೆನಪಿಗೆ ಆಧುನಿಕ ಕಾಲದಲ್ಲಿ ಜೀವ ತುಂಬಿದುದು ಹೆಂಡ್ರಿಕ್ ಕಾನ್ಸಿಯೆನ್ಸ್ 1838ರಲ್ಲಿ ಪ್ರಕಟಿಸಿದ ಒಂದು ಕಾದಂಬರಿ. ಸೋಜಿಗವೆಂದರೆ, ಅಂದು ಫ್ಲೆಮಿಷ್ ಪಕ್ಷದಲ್ಲಿ ನಾಮೂರಿನವರೂ ಕಾದಿದ್ದರು. ಇಂದು ಅದೇ ನಾಮೂರು ಫ್ರೆಂಚ್ ನುಡಿಯ ವಲೋನಿಯದ ರಾಜಧಾನಿ. ಹಳೆಯ ಘಟನೆಗೆ ಇಂದಿನ ಗಡಿಯನ್ನು ಹೊದಿಸಿದಾಗ ಹೊದಿಕೆ ಹೀಗೆ ಮೋಟಾಗುತ್ತದೆ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ನಮ್ಮಲ್ಲಿ ಮಾಡಿದ ಕೆಲಸವೂ ಗತವನ್ನು ವರ್ತಮಾನದ ಅಗತ್ಯಕ್ಕೆ ಎಚ್ಚರಿಸುವುದೇ ಆಗಿತ್ತು. ಅದು ಅಂದು ಆಗಬೇಕಾದ ಕೆಲಸ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಸ್ಫೂರ್ತಿಯನ್ನೂ ಪ್ರಮಾಣವನ್ನೂ ಬೇರೆಬೇರೆಯಾಗಿ ನೋಡಲು ಕಲಿಯಬೇಕು.

ಉದಾಹರಣೆಗೆ ‘ಕವಿರಾಜಮಾರ್ಗ’. ಕಾವೇರಿಗೂ ಗೋದಾವರಿಗೂ ನಡುವಿನ ನಾಡೆಂದು ಅದು ಹೇಳುವುದನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಕಳೆದುಹೋದ ಆಸ್ತಿಯ ದಸ್ತಾವೇಜಿನಂತೆ ಬಳಸುವುದುಂಟು. ಶ್ರೀವಿಜಯ ಅಲ್ಲಿ ವಿವರಿಸುತ್ತಿರುವುದು ಒಂದು ನುಡಿ ಬಾಳುತ್ತಿರುವ ನೆಲವನ್ನು. ಅದೇ ಗ್ರಂಥವು ದೇಸಿಗಳು ಬೇರೆಬೇರೆಯಾಗಿರುವುದರಿಂದ ‘ಕನ್ನಡಂಗಳ’ ದೋಷಗಳನ್ನು ಎಣಿಸಲು ವಾಸುಕಿಯೂ ಬೇಸರಿಸುವನು ಎಂಬ ಆಶಯದ ಮಾತನ್ನೂ ಆಡುತ್ತದೆ. ಬಹುವಚನವನ್ನು ಗಮನಿಸಬೇಕು. ನಾಡನ್ನು ಹೆಸರಿಸಿದ ಮೊದಲ ಕೃತಿಗೇ ಕನ್ನಡ ಒಂದಲ್ಲ, ಹಲವು ಎಂಬ ಅರಿವಿತ್ತು.

ಜೈನ ಪರಂಪರೆಯ ಸಾಕ್ಷ್ಯಗಳು ಇನ್ನೂ ಸ್ಪಷ್ಟವಾಗಿವೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಮಾಡಿಸಿದನೆಂಬ ಸಂಗತಿ ಕನ್ನಡದಲ್ಲಿ ಮಾತ್ರವಲ್ಲ, ತಮಿಳಿನಲ್ಲೂ ಮರಾಠಿಯಲ್ಲೂ ಕೆತ್ತಲ್ಪಟ್ಟಿದೆ. ಆತ ಸ್ವತಃ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಅವನ ಗುರು ನೇಮಿಚಂದ್ರರ ‘ಗೊಮ್ಮಟಸಾರ’ವಿರುವುದು ಪ್ರಾಕೃತದಲ್ಲಿ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಪದ್ಯಗಳು ಒಂದರ ಪಕ್ಕದಲ್ಲೊಂದಿವೆ. ಆ ಬಂಡೆ ಇಂದು ತೆಲಂಗಾಣದಲ್ಲಿದೆ. ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನನು ಕನ್ನಡದಲ್ಲಿ ಬರೆಯುತ್ತಿದ್ದರೆ ಮಾನ್ಯಖೇಟದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಮಹಾಪುರಾಣ ರಚಿಸುತ್ತಿದ್ದನು. ಪ್ರಾಕೃತ-ಸಂಸ್ಕೃತಗಳ ‘ಧವಲಾ’ ಗ್ರಂಥವನ್ನು ಹಳಗನ್ನಡ ಲಿಪಿಯ ಓಲೆಗಳಲ್ಲಿ ಕಾಪಾಡಿದುದು ತುಳುನಾಡಿನ ಮೂಡುಬಿದಿರೆ. ಹಲವು ನುಡಿಗಳ ನಡುವೆ ಬೆಳೆದುದರಿಂದ ಕನ್ನಡ ಸೊರಗಲಿಲ್ಲ. ಅದರ ಆದಿಕಾಲದ ಮಹಾಕಾವ್ಯಗಳು ಮೂಡಿದ್ದೇ ಈ ವಾತಾವರಣದಲ್ಲಿ. ಹೊಸಗನ್ನಡದಲ್ಲೂ ಹೀಗೆಯೇ: ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ.

ಇಂತಹ ಔದಾರ್ಯದ ಮಾತು ಕನ್ನಡವನ್ನು ಇನ್ನಷ್ಟು ದುರ್ಬಲಗೊಳಿಸುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆತಂಕ ಸಹಜವಾದುದೇ. ಆದರೆ ಇಂದು ಕನ್ನಡಕ್ಕೆ ಒದಗಿರುವ ಕುತ್ತು ತುಳುವಿನಿಂದಲೋ, ಕೊಡವ ನುಡಿಯಿಂದಲೋ, ಮರಾಠಿಯಿಂದಲೋ ಬಂದುದಲ್ಲ. ಉನ್ನತ ಶಿಕ್ಷಣ, ವಿಜ್ಞಾನ, ವಾಣಿಜ್ಯ, ನ್ಯಾಯದಾನಗಳಲ್ಲಿ ಕನ್ನಡದ ಬಳಕೆಗೆ ನಾವೇ ಅವಕಾಶ ಮಾಡಿಕೊಟ್ಟಿಲ್ಲ. ಹಳಗನ್ನಡ ಓದಬಲ್ಲವರು ತರಗತಿಯಿಂದ ತರಗತಿಗೆ ಕಡಿಮೆಯಾಗುತ್ತಿರುವುದನ್ನು ಅಧ್ಯಾಪಕನಾಗಿ ನಾನು ಕಾಣುತ್ತಿದ್ದೇನೆ. ನೆರೆಯವನ ಮೇಲೆ ಗುಡುಗುವುದು ಸುಲಭ; ಈ ಕೆಲಸ ಕಷ್ಟ. ಸುಲಭವಾದುದನ್ನು ಉತ್ಸವವೆಂದು ಕರೆದು ಕಷ್ಟವಾದುದನ್ನು ಮರೆಯುತ್ತಿದ್ದೇವೆ.

ಒಂದೇ ನುಡಿಯಾಡಿದ ಮಾತ್ರಕ್ಕೆ ಕೂಡುವಿಕೆ ಬಾಳುತ್ತದೆ ಎಂದೂ ತಿಳಿಯಬಾರದು. ತೆಲುಗರ ರಾಜ್ಯ 2014ರ ಜೂನ್ 2ರಂದು ಎರಡಾಯಿತು. ಬೀದರ, ರಾಯಚೂರುಗಳ ಹಿಂದುಳಿದಿರುವಿಕೆಯನ್ನು ಮಾತಾಡದ ರಾಜ್ಯೋತ್ಸವವು ಏಕೀಕರಣದ ಅರ್ಧವನ್ನಷ್ಟೇ ನೆನೆದಂತೆ.

ಆದುದರಿಂದ ನಮ್ಮ ಕನ್ನಡ ವಿಭಾಗಗಳಿಗೆ ಒಂದು ಸಲಹೆ. ಈ ಬಾರಿ ಧ್ವಜಾರೋಹಣವಾದ ಮೇಲೆ ಭಾಷಣಗಳನ್ನು ಮೊಟಕುಗೊಳಿಸಿ, ಕುರ್ಕ್ಯಾಲದ ಶಾಸನವನ್ನೋ ಬೆಳಗೊಳದ ಆ ಪುಟ್ಟ ಬರಹಗಳನ್ನೋ ವಿದ್ಯಾರ್ಥಿಗಳ ಮುಂದಿಟ್ಟು ಓದಿಸಿರಿ. ಮನೆಯಲ್ಲಿ ತುಳು, ಉರ್ದು, ತೆಲುಗು, ಮರಾಠಿ, ಲಂಬಾಣಿ ಆಡುವ ವಿದ್ಯಾರ್ಥಿಗಳನ್ನೇ ಆ ಓದಿಗೆ ಮುಂದೆ ಕರೆಯಿರಿ. ಕನ್ನಡ ತಮ್ಮದೂ ಹೌದು ಎಂದು ಅವರಿಗೆ ಅನ್ನಿಸಿದರೆ ಆ ವರ್ಷದ ರಾಜ್ಯೋತ್ಸವ ಸಾರ್ಥಕ.