ಹಿತ್ತಲಿನ ಹಳೆಯ ಲಾರಿ: ಕಾಯಕವೋ, ವ್ಯಾಮೋಹವೋ?

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕೆಲವು ಮನೆಗಳ ಹಿತ್ತಲಿನಲ್ಲಿ, ಒಂದು ಕಾಲಕ್ಕೆ ಆ ಮನೆಯ ಅನ್ನಕ್ಕೆ ಆಧಾರವಾಗಿದ್ದ ಹಳೆಯ ಲಾರಿಯು ಹುಲ್ಲು ಮುಚ್ಚಿದ ಚಕ್ರಗಳ ಮೇಲೆ ಇಂದಿಗೂ ನಿಂತಿರುವುದುಂಟು. ಅಂಥ ಸದ್ಭಕ್ತರ ಮನೆಯೊಂದರಿಂದ ನಮಗೆ ಪ್ರಶ್ನೆಯೊಂದು ಬಂದಿದೆ. ಲಿಂಗೈಕ್ಯರಾದ ತಂದೆಯವರು ನಡೆಸಿದ ಲಾರಿಯನ್ನು ಅಂಗಳದಲ್ಲಿಯೇ ಬಿಚ್ಚಿ, ಜೋಡಿಸಿ, ಮೊದಲಿನಂತೆ ಮಾಡಿ, ಶಿವರಾತ್ರಿಗೆ ಬಂಧುಬಳಗವನ್ನೆಲ್ಲ ಅದರಲ್ಲಿ ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಕೆಂಬುದು ಮಗನ ಹಂಬಲ. ಅದನ್ನು ಗುಜರಿಗೆ ಕೊಟ್ಟು, ಬಂದ ಹಣವನ್ನು ಮನೆಯ ಸಾಲಕ್ಕೆ ಕಟ್ಟಬೇಕೆಂಬುದು ಸೊಸೆಯ ಮಾತು. ಹಿರಿಯ ತಾಯಿಯವರು ಏನನ್ನೂ ಹೇಳುತ್ತಿಲ್ಲ. ಇದು ಕಾಯಕವೋ, ವ್ಯಾಮೋಹವೋ ಎಂಬುದು ಅವರ ಪ್ರಶ್ನೆ.

ಮೊದಲು ಆ ಲಾರಿಯ ಹಿರಿಮೆಯನ್ನು ನೆನೆಯೋಣ. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಲಾರಿಯ ಮೇಲೆ ಟಾಟಾ ಹೆಸರೊಂದೇ ಉಳಿದರೂ, ಜನರ ಬಾಯಲ್ಲಿ ಅದು ‘ಬೆಂಜ್ ಲಾರಿ’ಯಾಗಿಯೇ ಉಳಿಯಿತು. ಕೊಳ್ಳೇಗಾಲ ಸೀಮೆಯು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಿಂದ ಬಿಡುಗಡೆಗೊಂಡು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಕಾಲವೂ ಅದೇ. ರೈಲು ಬಾರದ ಈ ಸೀಮೆಯಲ್ಲಿ ಧಾನ್ಯ, ರೇಷ್ಮೆ, ಬಿದಿರು, ಕಲ್ಲು ಎಲ್ಲವೂ ಮೊದಲು ಗಾಡಿಯ ಮೇಲೆ, ಅನಂತರ ಲಾರಿಯ ಮೇಲೆ ಸಾಗಿದವು. ತಾಳುಬೆಟ್ಟದಿಂದ ಮೇಲಕ್ಕೆ ಏರುವ ತಿರುವುಗಳಲ್ಲಿ ತೋಳಿನ ಬಲದಿಂದಲೇ ಸ್ಟೀರಿಂಗ್ ತಿರುಗಿಸಿದ ಆ ಹಿರಿಯ ಚಾಲಕರು ಬೆವರು ಸುರಿಸಿ ದುಡಿದವರು. ಅವರ ದುಡಿಮೆಯ ಗುರುತನ್ನು ಗೌರವಿಸಬೇಕೆಂಬ ಮಗನ ಭಾವವು ತಪ್ಪಲ್ಲ.

ಆದರೆ ಭಾವವೊಂದೇ ಕಾಯಕವಾಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಆ ಹೆಚ್ಚಳವನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಮನೆಯ ಲೆಕ್ಕವನ್ನು ಎತ್ತಿ ಹೇಳುವ ಸೊಸೆಯ ಮಾತು ಲಕ್ಕಮ್ಮನವರ ಮಾತಿನ ಕುಲಕ್ಕೆ ಸೇರಿದ್ದು. ಅದನ್ನು ಕೊಂಕೆಂದು ಬಗೆಯಬಾರದು. ಸಾಲದ ಮೇಲೆ ಸಾಲ ಮಾಡಿ ತುಕ್ಕನ್ನು ಹೊಳೆಯಿಸುವುದು ತಂದೆಗೆ ಸಲ್ಲಿಸುವ ಗೌರವವಲ್ಲ. ದುಡಿಮೆಯಲ್ಲಿ ಉಳಿದ ಹಣದಿಂದ, ಬಿಡುವಿನ ವೇಳೆಯಲ್ಲಿ, ಎರಡು ಮೂರು ವರ್ಷವಾದರೂ ಆಗಲಿ ಎಂಬ ತಾಳ್ಮೆಯಿಂದ ಮಾಡುವುದಾದರೆ ಮಾತ್ರ ಕೈಹಾಕಬೇಕು.

ಕೈಹಾಕಿದ ಮೇಲೆ ಕಾಣದ್ದನ್ನು ಮೊದಲು ಮಾಡಬೇಕು, ಕಾಣುವುದನ್ನು ಕೊನೆಗೆ. ಆಚಾರವಿಲ್ಲದವನ ಹಣೆಯ ವಿಭೂತಿ ಎಂತೋ, ಬ್ರೇಕು ಹಿಡಿಯದ ಲಾರಿಯ ಬಣ್ಣವೂ ಅಂತೆಯೇ. ಬಹುಕಾಲ ನಿಂತ ಡೀಸೆಲ್ ಎಂಜಿನ್ನನ್ನು ಒಮ್ಮೆಲೇ ಬ್ಯಾಟರಿಯಿಂದ ತಿರುಗಿಸಬಾರದು, ಹಗ್ಗ ಕಟ್ಟಿ ಎಳೆಸಲೂಬಾರದು. ನಾಜಲ್‌ಗಳನ್ನು ಬಿಚ್ಚಿ, ಸಿಲಿಂಡರುಗಳೊಳಗೆ ತೆಳುವಾದ ಎಣ್ಣೆಯನ್ನು ಬಿಟ್ಟು, ಕೆಲವು ದಿನ ನೆನೆಸಿ, ಬಳಿಕ ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಕಚ್ಚಿಕೊಂಡ ಯಂತ್ರವು ಬಲಕ್ಕೆ ಮುರಿಯುತ್ತದೆ, ತಾಳ್ಮೆಗೆ ಸಡಿಲುತ್ತದೆ. ಅನಂತರ ಬ್ರೇಕು, ಸ್ಟೀರಿಂಗ್, ಸ್ಪ್ರಿಂಗ್ ಪಟ್ಟಿಗಳು, ಛಾಸಿಯ ಬಿರುಕುಗಳು. ಇವೆಲ್ಲ ಸರಿಯಾದ ಮೇಲೆಯೇ ಬಾಡಿಯ ಹಲಗೆ ಮತ್ತು ಬಣ್ಣ. ಹಲಗೆಯನ್ನು ಬಿಲ್ಲು ಕೊಡುವ ಮರದ ಡಿಪೋದಿಂದಲೇ ಕೊಳ್ಳಬೇಕು. ನಮ್ಮ ಬಿಳಿಗಿರಿರಂಗನಬೆಟ್ಟವು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ಕದ್ದ ಮರದಲ್ಲಿ ದೇವರ ಹೆಸರು ಬರೆಸಿದರೆ ಅದು ದೇವರಿಗೆ ಮುಟ್ಟದು.

ಜೀವಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಬಿಡಿಸಿ ಹೇಳಬೇಕಾಗಿದೆ. ಬರಿಯ ಜಾಕಿನ ನಂಬಿಕೆಯ ಮೇಲೆ ಲಾರಿಯ ಕೆಳಗೆ ತೂರಬಾರದು. ಛಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟಿರಬೇಕು. ಹಳೆಯ ಚಕ್ರಗಳಲ್ಲಿ ಟೈರನ್ನು ಹಿಡಿದಿರುವ ಉಕ್ಕಿನ ಲಾಕ್ ರಿಂಗ್, ಗಾಳಿ ತುಂಬುವಾಗ ಸಿಡಿದರೆ ಎದುರು ನಿಂತವರ ಪ್ರಾಣವನ್ನೇ ತೆಗೆಯಬಲ್ಲದು. ಗಾಳಿಯನ್ನು ಪೂರ್ಣವಾಗಿ ಇಳಿಸದೆ ಚಕ್ರವನ್ನು ಬಿಚ್ಚಬಾರದು. ಆ ಕೆಲಸವನ್ನು ಬಲ್ಲ ಕೈಗೇ ಒಪ್ಪಿಸಬೇಕು. ಡೀಸೆಲ್ ಟ್ಯಾಂಕನ್ನು ಪೂರ್ಣ ಶುದ್ಧಿಮಾಡದೆ ವೆಲ್ಡಿಂಗ್ ಮಾಡಿಸಿದರೆ ಅದು ಸ್ಫೋಟಿಸಬಹುದು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಹಳೆಯ ಬಣ್ಣದಲ್ಲಿ ಸೀಸ ಇರುವುದುಂಟು. ಆ ಧೂಳನ್ನು ಗಾಳಿಯಿಂದ ಊದದೆ, ಒದ್ದೆಮಾಡಿ ಒರೆಸಿ ತೆಗೆಯಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಮನೆಯಂಗಳವು ಮೊದಲು ಮಕ್ಕಳದು, ಆಮೇಲೆ ಲಾರಿಯದು.

ಕಾನೂನಿನ ಮಾತೂ ಇದೆ. ಹಣ ಸುರಿಯುವ ಮೊದಲೇ ಜಿಲ್ಲಾ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ನೋಂದಣಿಯು ಇನ್ನೂ ಜೀವಂತವಾಗಿದೆಯೇ, ತೆರಿಗೆ ಎಷ್ಟು ಬಾಕಿಯಿದೆ, ತಂದೆಯವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವುದೇ ಎಂಬುದನ್ನು ತಿಳಿಯಬೇಕು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷವರ್ಷವೂ ಅರ್ಹತಾ ಪತ್ರ ಬೇಕು. ಐವತ್ತು ವರ್ಷ ಮೀರಿದ ಪುರಾತನ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ ಮಾಡಿದ ವಿಶೇಷ ನೋಂದಣಿಯ ನಿಯಮವು ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಸಂಬಂಧಿಸಿದ್ದು. ಲಾರಿಯವರು ಅದನ್ನು ನೆಚ್ಚಿ ಕೂರಬಾರದು. ಗುಜರಿಗೆ ಕೊಡುವುದಾದರೂ ಅಧಿಕೃತ ಕೇಂದ್ರಕ್ಕೇ ಕೊಟ್ಟು ನೋಂದಣಿಯನ್ನು ರದ್ದುಪಡಿಸಬೇಕು. ಇಲ್ಲವಾದರೆ ತಂದೆಯವರ ಹೆಸರಿನ ಸಂಖ್ಯೆಯು ಯಾರದೋ ಕೈಯಲ್ಲಿ ಯಾವುದೋ ಅಕಾರ್ಯಕ್ಕೆ ಬಳಕೆಯಾದೀತು.

ಇನ್ನು ಬೆಟ್ಟಕ್ಕೆ ಹೋಗುವ ಸಂಕಲ್ಪ. ಸರಕಿನ ಲಾರಿಯಲ್ಲಿ ಜನರನ್ನು ತುಂಬಿಕೊಂಡು ಘಾಟಿ ಏರುವುದನ್ನು ಕಾನೂನು ಒಪ್ಪದು, ನಾವೂ ಒಪ್ಪೆವು. ಹಿಂದೆ ಹಾಗೆ ಹೋಗಿ ಬಂದೆವೆಂಬುದು ಪ್ರಮಾಣವಾಗಲಾರದು. ಕ್ಷೇಮವಾಗಿ ಬಂದವರು ಮಾತ್ರವೇ ಆ ಮಾತನ್ನು ಹೇಳಲು ಉಳಿದಿದ್ದಾರೆ. ಬಂಧುಗಳು ಬಸ್ಸಿನಲ್ಲಿ ಹೋಗಲಿ. ಲಾರಿಗೆ ಅರ್ಹತಾ ಪತ್ರ ದೊರೆತರೆ, ಅದರಲ್ಲಿ ದಾಸೋಹಕ್ಕೆ ಅಕ್ಕಿ, ಬೇಳೆ, ತರಕಾರಿಗಳು ಏರಲಿ. ತಂದೆಯ ದುಡಿಮೆಯಿಂದ ಬಂದ ಗಾಡಿಯು ಹಸಿದವರ ಅನ್ನವನ್ನು ಹೊರುವುದಾದರೆ ಅದಕ್ಕಿಂತ ದೊಡ್ಡ ಅಲಂಕಾರವಿಲ್ಲ. ಪತ್ರ ದೊರೆಯದಿದ್ದರೆ ಅದು ಅಂಗಳದಲ್ಲಿಯೇ ನಿಲ್ಲಲಿ, ರಸ್ತೆಗೆ ಇಳಿಯದಿರಲಿ.

ಕೊನೆಯದಾಗಿ, ಮೌನವಾಗಿರುವ ತಾಯಿಯವರನ್ನು ಕುರಿತು. ಲಾರಿಯು ರಾತ್ರಿ ತಡವಾಗಿ ಬರುವ ದಿನಗಳಲ್ಲಿ ಬಾಗಿಲಲ್ಲಿ ಕಾದು ಕುಳಿತವರು ಅವರು. ಆ ಗಾಡಿಯ ಬೆಲೆಯನ್ನು ಗುಜರಿಯವನೂ ಅರಿಯ, ಮೆಕ್ಯಾನಿಕ್ಕನೂ ಅರಿಯ, ಅವರು ಬಲ್ಲರು. ಒಂದು ಬೋಲ್ಟನ್ನು ಬಿಚ್ಚುವ ಮೊದಲು ಮಗನೂ ಸೊಸೆಯೂ ಒಟ್ಟಿಗೆ ಅವರ ಬಳಿ ಕುಳಿತು ಕೇಳಲಿ. ಅವರು ಉಳಿಸಿರೆಂದರೆ ಮೇಲಿನ ಕ್ರಮದಲ್ಲಿ ಉಳಿಸಿರಿ. ಕೊಟ್ಟುಬಿಡಿರೆಂದರೆ ನಿಸ್ಸಂಕೋಚವಾಗಿ ಕೊಡಿರಿ. ಲೋಹ ಕರಗಿದರೂ ಆ ದುಡಿಮೆಯ ಫಲ ಕರಗದು. ಅದನ್ನುಂಡು ಬೆಳೆದ ನೀವೇ ಅದರ ಸಾಕ್ಷಿ. ಹಿರಿಯರ ನಡೆಯನ್ನು ಮುಂದುವರಿಸುವುದು ಕಾಯಕ. ನಡೆಯನ್ನು ಬಿಟ್ಟು ವಸ್ತುವನ್ನಷ್ಟೇ ಹಿಡಿದುಕೊಳ್ಳುವುದು ವ್ಯಾಮೋಹ. ಆ ಮನೆಗೆ ಒಳಿತಾಗಲಿ. ಶರಣು ಶರಣಾರ್ಥಿ.