ಕಾಲಿಗೆ ಪ್ಲೇಟ್ ಹಾಕಿದ್ರು, ಮನಸ್ಸಿನ ಕತೆ ಏನು?

ಕಳೆದ ಸೆಮಿಸ್ಟರ್‌ನಲ್ಲಿ ಮುಳಬಾಗಿಲು ಕಡೆಯ ನಮ್ಮ ಕ್ಲಾಸ್‌ಮೇಟ್ ಒಬ್ಬ ಬೈಕ್‌ನಿಂದ ಬಿದ್ದು ಪಾದದ ಕೀಲು, ಅಂದ್ರೆ ಆಂಕಲ್, ಮುರಿದುಕೊಂಡ. ಕೋಲಾರದಲ್ಲಿ ಆಪರೇಷನ್ ಆಯ್ತು. ಭಾನುವಾರ ನಾವು ಐದು ಜನ ಬ್ರೆಡ್ಡು, ಬಾಳೆಹಣ್ಣು ಹಿಡಿದು ನೋಡೋಕೆ ಹೋದ್ವಿ. ಎಕ್ಸ್‌ರೇ ಎತ್ತಿ ಹಿಡಿದು ಸ್ಕ್ರೂ ಎಣಿಸಿದ್ವಿ. ಪ್ಲೇಟ್ ಸ್ಟೀಲಾ, ಟೈಟಾನಿಯಮ್ಮಾ ಅಂತ ವಾದ ಮಾಡಿದ್ವಿ. ಅಟೆಂಡೆನ್ಸ್ ಬಗ್ಗೆ ಜೋಕ್ ಹೊಡೆದು ವಾಪಸ್ ಬಂದ್ವಿ. ‘ರಾತ್ರಿ ನಿದ್ದೆ ಬರುತ್ತಾ?’ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅವನೇ ಹೇಳಿದ. ದಿನಾ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗ್ತಿತ್ತಂತೆ. ಬಾತ್‌ರೂಮಿಗೆ ಹೋಗೋಕೂ ಅಪ್ಪನನ್ನ ಎಬ್ಬಿಸಬೇಕಲ್ಲ ಅಂತ ಸಂಜೆಯಿಂದಲೇ ನೀರು ಕುಡಿಯೋದು ಬಿಟ್ಟಿದ್ದನಂತೆ. ಅವನು ಗ್ರೂಪ್‌ನಲ್ಲಿ ರಿಪ್ಲೈ ಮಾಡದೇ ಇದ್ದಾಗ ‘ಸ್ಕೋಪ್ ತಗೋತಿದಾನೆ’ ಅಂದವರು ನಾವೇ.

ನಮ್ಮ ಅಭಿಪ್ರಾಯ ಇಷ್ಟೇ: ಮೂಳೆ ಕೂಡಿತಾ ಅಂತ ಕೇಳುವಷ್ಟೇ ಸಹಜವಾಗಿ ಮನಸ್ಸು ಹೇಗಿದೆ ಅಂತಲೂ ಕೇಳಬೇಕು. ಆಸ್ಪತ್ರೆಯೂ ಕೇಳಬೇಕು, ನಾವೂ ಕೇಳಬೇಕು.

ಈ ಆಪರೇಷನ್‌ನಲ್ಲಿ ಎಷ್ಟೋ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸುತ್ತಾರೆ. ನೋವು ಗೊತ್ತಾಗಲ್ಲ, ಆದರೆ ಎಚ್ಚರವಿದ್ದರೆ ಡ್ರಿಲ್ ಸದ್ದು ಕೇಳುತ್ತೆ. ಆಮೇಲೆ ಹಲವು ವಾರ, ಕೆಲವರಿಗೆ ಆರು ವಾರದವರೆಗೂ, ಕಾಲು ನೆಲಕ್ಕೆ ಊರುವಂತಿಲ್ಲ. ಊತ ತಿಂಗಳುಗಟ್ಟಲೆ ಇರಬಹುದು. ಭಯ, ಬೇಸರ ಜಾಸ್ತಿಯಾದರೆ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ಟರೆ ನೋವು ಜಾಸ್ತಿ ಅನಿಸುತ್ತೆ. ನೋವಿಗೆ ಹೆದರಿ ಫಿಸಿಯೋಥೆರಪಿ ತಪ್ಪಿಸಿದರೆ ಕೀಲು ಬಿಗಿಯಾಗುತ್ತೆ. ಅದನ್ನ ನೋಡಿ ಮತ್ತೆ ಭಯ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಫ್ರೆಂಡ್‌ಗೆ ಹೋದದ್ದು ಇಂಟರ್ನಲ್ಸ್ ಮಾತ್ರ. ಶ್ರೀನಿವಾಸಪುರದಲ್ಲಿ ಮಾವಿನ ಮರ ಹತ್ತಿ ಕಾಯಿ ಕೀಳುವವರು, ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊರುವವರು, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರು, ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವ ಮುಳಬಾಗಿಲಿನ ಹೆಂಗಸರು: ಇವರಿಗೆ ಕಾಲೇ ಬಂಡವಾಳ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತೆ, ಒಳ್ಳೇದು. ಆದರೆ ಆರು ವಾರದ ಕೂಲಿ? ಅವರ ಆತಂಕಕ್ಕೆ ‘ಧೈರ್ಯ ತಂದ್ಕೊಳ್ಳಿ’ ಅನ್ನೋದು ಉತ್ತರ ಅಲ್ಲ.

ಡಾಕ್ಟರಿಗೆ ಟೈಮ್ ಎಲ್ಲಿದೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹೆಚ್‌ಎಡಿಎಸ್ ಅನ್ನೋ ಪ್ರಶ್ನಾವಳಿ 1983ರಲ್ಲೇ ಬಂದಿದೆ. ಜಿಗ್ಮಂಡ್ ಮತ್ತು ಸ್ನೇತ್ ಅದನ್ನ ಮಾಡಿದ್ದೇ ಬೇರೆ ಕಾಯಿಲೆಗೆ ಆಸ್ಪತ್ರೆಗೆ ಬಂದವರಿಗಾಗಿ. ಒಟ್ಟು 14 ಪ್ರಶ್ನೆ, ಆತಂಕಕ್ಕೆ 7, ಖಿನ್ನತೆಗೆ 7. ಒಂದೊಂದು ಭಾಗಕ್ಕೂ 21 ಅಂಕ. 11 ಅಥವಾ ಹೆಚ್ಚು ಬಂದರೆ ತಜ್ಞರಿಗೆ ತೋರಿಸೋದು ಒಳ್ಳೇದು. ಇದೊಂದು ಟೆಸ್ಟ್‌ನಲ್ಲಿ ಮಾತ್ರ ಮಾರ್ಕ್ಸ್ ಕಮ್ಮಿ ಬರಬೇಕು! ಡ್ರೆಸ್ಸಿಂಗ್‌ಗೆ ಕಾಯುವ ಹೊತ್ತಲ್ಲೇ ಮುಗಿಸಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡ್ತಾರೆ, ಅದಕ್ಕೆ ಕನ್ನಡದ ಜೊತೆ ತೆಲುಗಲ್ಲೂ ಕೇಳಬೇಕು, ಓದೋಕೆ ಬಾರದವರಿಗೆ ನರ್ಸ್ ಓದಿ ಹೇಳಬೇಕು.

ಕೇಳಿದ ಮೇಲೆ ಎಲ್ಲಿಗೆ ಕಳಿಸೋದು? ಮನೋಚೈತನ್ಯ ಕಾರ್ಯಕ್ರಮ ಇರೋದೇ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರ ಸೇವೆ ತಲುಪಿಸೋಕೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ: 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫ್ರೀಯಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಾರಿ ಇದೆ, ವಾರ್ಡಿನಿಂದ ಅಲ್ಲಿಗೆ ಕಳಿಸುವವರು ಬೇಕು.

ಆಪರೇಷನ್ ಆದವರೆಲ್ಲ ಖಿನ್ನತೆಗೆ ಬೀಳ್ತಾರೆ ಅಂತ ನಾವು ಹೇಳ್ತಿಲ್ಲ. ಬೇಜಾರು ಸಹಜ, ಬಹಳ ಜನಕ್ಕೆ ತಾನಾಗೇ ಕಮ್ಮಿಯಾಗುತ್ತೆ. ಎರಡು ವಾರ ಕಳೆದರೂ ಕಮ್ಮಿಯಾಗದವರನ್ನ ಗುರುತಿಸಬೇಕು ಅನ್ನೋದಷ್ಟೇ ನಮ್ಮ ವಾದ.

ನಮ್ಮ ಫ್ರೆಂಡ್ ಈಗ ನಡೀತಾನೆ. ಮೆಟ್ಟಿಲು ಇಳಿಯುವಾಗ ಮಾತ್ರ ರೇಲಿಂಗ್ ಹಿಡೀತಾನೆ. ‘ಮೊದಲನೇ ವಾರ ಮನೆ ತುಂಬ ಜನ, ನಾಲ್ಕನೇ ವಾರ ನಾನು ಮತ್ತೆ ಫ್ಯಾನು’ ಅಂದ ಮೊನ್ನೆ. ಇನ್ನು ಮುಂದೆ ಯಾರಿಗಾದರೂ ಹೀಗಾದರೆ ಮೊದಲನೇ ಭಾನುವಾರ ಹೋಗೋಣ, ನಾಲ್ಕನೇ ಭಾನುವಾರವೂ ಹೋಗೋಣ. ಸ್ಕ್ರೂ ಆಮೇಲೆ ಎಣಿಸಿದರಾಯ್ತು, ಮೊದಲು ನಿದ್ದೆ ಬರುತ್ತಾ ಅಂತ ಕೇಳೋಣ.